ಘಟ್ಟದ ಬಾಯಿಯ ಮೂರು ಕೋಟೆ, ಕಾಳಿ ದಂಡೆಯ ಒಂದು ಕೋಟೆ

ಮಾನ್ಯ ಸಂಪಾದಕರೇ,

ನಾನು ಕಾರವಾರದ ಕೋಡಿಬಾಗದವನು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಆರು ವರ್ಷ ಆಯಿತು. ಬೆಳಿಗ್ಗೆ ಹಾಲು ತರಲು ಹೊರಟರೆ ಕಾಳಿ ಹೊಳೆಯ ಆಚೆ ಸದಾಶಿವಗಡದ ಕೋಟೆ ಗುಡ್ಡ ಕಾಣುತ್ತದೆ. ನಾನೇನೂ ಅದನ್ನು ನಿಂತು ನೋಡುವುದಿಲ್ಲ, ಸುಮ್ನೆ ಕಣ್ಣಿಗೆ ಬೀಳುತ್ತದೆ ಅಷ್ಟೇ. ಮೊನ್ನೆ ಮೊನ್ನೆಯವರೆಗೆ, ನಾನು ಕೊನೆಯ ಸಲ ಅದನ್ನು ಹತ್ತಿದ್ದು ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ. ಈಗ ಅವಳ ಮಗಳೇ ಮೂರನೇ ಕ್ಲಾಸು.

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಕೋಟೆಗಳ ಸುದ್ದಿ ಬರುತ್ತದೆ. ಗಿಡಗಂಟಿ ಬೆಳೆದಿದೆ, ಗೋಡೆ ಬಿದ್ದಿದೆ, ಅಭಿವೃದ್ಧಿ ಮಾಡಿ ಅಂತ ಜನ ಕೇಳಿದ್ದಾರೆ. ಓದುತ್ತೇನೆ, ಪುಟ ಮಗುಚುತ್ತೇನೆ. ಈ ಸಲ ಬರೆಯಲು ಕೂತಿದ್ದಕ್ಕೆ ಕಾರಣ ಬೇರೆ. ಅಳಿಯನ ಕೆಲಸ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ. ಎರಡು ತಿಂಗಳು ಅಲ್ಲಿದ್ದು ಬಂದೆವು. ಅಲ್ಲಿಗೆ ಹೋದವರೆಲ್ಲ ಹಿಮದ ಮುಂದೆ ಕೈ ಚಾಚಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ನಾವೂ ತೆಗೆಸಿಕೊಂಡೆವು, ಸುಳ್ಳು ಹೇಳುವುದಿಲ್ಲ. ಆದರೆ ಊರಿಗೆ ಬಂದ ಮೇಲೂ ತಲೆಯಲ್ಲಿ ಉಳಿದಿದ್ದು ಹಿಮ ಅಲ್ಲ, ಬೆಲ್ಲಿಂಜೋನಾ ಎನ್ನುವ ಒಂದು ಊರು. ಆಲ್ಪ್ಸ್ ಬೆಟ್ಟಗಳ ದಕ್ಷಿಣದ ತಪ್ಪಲಲ್ಲಿ, ಟಿಚಿನೋ ಹೊಳೆಯ ಕಣಿವೆಯಲ್ಲಿ, ಮೂರು ಕೋಟೆ ಇಟ್ಟುಕೊಂಡು ಕೂತಿರುವ ಊರು.

ಜ್ಯೂರಿಕ್‌ನಿಂದ ರೈಲು. ದಾರಿಯಲ್ಲಿ ಗೊಟ್ಥಾರ್ಡ್ ಸುರಂಗ ಸಿಗುತ್ತದೆ, 57 ಕಿಲೋಮೀಟರ್ ಉದ್ದ, 2016ರಲ್ಲಿ ಶುರುವಾಗಿದ್ದು. ಕಾರವಾರದಿಂದ ಅಂಕೋಲೆ ದಾಟಿ ಹೆಚ್ಚುಕಡಿಮೆ ಗೋಕರ್ಣದ ಕ್ರಾಸ್‌ವರೆಗೆ ಕತ್ತಲಲ್ಲೇ ಹೋದ ಹಾಗೆ ಅಂತ ಲೆಕ್ಕ ಹಾಕಿ. ಹುಬ್ಬಳ್ಳಿ–ಅಂಕೋಲೆ ರೈಲಿನ ಸುದ್ದಿ ಓದುತ್ತಲೇ ಮುದುಕನಾದ ನನಗೆ ಆ ಇಪ್ಪತ್ತು ನಿಮಿಷ ಒಂಥರಾ ಹೊಟ್ಟೆಕಿಚ್ಚು. ಇರಲಿ, ಅದು ಇನ್ನೊಂದು ಪತ್ರಕ್ಕೆ. ಸುರಂಗದ ಈಚೆ ಜರ್ಮನ್ ಮಾತಾಡುವವರು, ಆಚೆ ಹೊರಬಿದ್ದರೆ ಇಟಾಲಿಯನ್. ದೇಶ ಅದೇ, ದುಡ್ಡು ಅದೇ, ಮಾತು ಬೇರೆ. ನಮಗೆ ಅದೇನೂ ವಿಚಿತ್ರ ಅನ್ನಿಸಲಿಲ್ಲ. ಕಾಳಿ ಸೇತುವೆ ದಾಟಿದರೆ ಕೊಂಕಣಿ, ಕೈಗಾ ಕಡೆ ತಿರುಗಿ ಘಟ್ಟ ಹತ್ತಿದರೆ ಕನ್ನಡ, ನಡುವೆ ನಾವು ಎರಡನ್ನೂ ಕಲಸಿಕೊಂಡು ಬದುಕುತ್ತಿಲ್ಲವಾ.

ನಮ್ಮ ಜಿಲ್ಲೆಯವರಿಗೆ ಆ ಊರಿನ ಲೆಕ್ಕ ತಕ್ಷಣ ಅರ್ಥ ಆಗುತ್ತದೆ. ಅದು ಘಟ್ಟದ ಕೆಳಗಿನ ಊರು. ಗೊಟ್ಥಾರ್ಡ್, ಸಾನ್ ಬೆರ್ನಾರ್ಡಿನೋ, ಲುಕ್ಮಾನಿಯರ್ ಅಂತ ಮೂರು ಘಟ್ಟದ ದಾರಿಗಳು ಮೇಲಿಂದ ಇಳಿದು ಅಲ್ಲಿ ಕೂಡುತ್ತವೆ. ನಮ್ಮ ಅರಬೈಲು ಘಟ್ಟ, ದೇವಿಮನೆ ಘಟ್ಟ ಎಲ್ಲ ಒಂದೇ ಊರಿನ ಬಾಗಿಲಿಗೆ ಬಂದು ಇಳಿದರೆ ಹೇಗೋ ಹಾಗೆ. ಉತ್ತರದಿಂದ ಇಟಲಿಗೆ ಹೋಗುವ ಸರಕು, ಸೈನ್ಯ, ಯಾತ್ರಿಕರು ಎಲ್ಲರೂ ಆ ಇಕ್ಕಟ್ಟಿನಲ್ಲೇ ಹಾದು ಹೋಗಬೇಕು. ಅಲ್ಲೊಂದು ಬಾಗಿಲು ಹಾಕಿ ಕೂತರೆ ಸುಂಕವೂ ಸಿಕ್ಕಿತು, ಶತ್ರುವೂ ನಿಂತ. ರೋಮನ್ನರ ಕಾಲದಲ್ಲೇ ಆ ಬಂಡೆಯ ಮೇಲೆ ಕೋಟೆ ಇತ್ತಂತೆ. ಈಗ ಕಾಣುವ ಕಟ್ಟಡ ಹೆಚ್ಚಿನದು ಮಿಲಾನ್ ದೊರೆಗಳು, ಮೊದಲು ವಿಸ್ಕೊಂಟಿ ಮನೆತನ, ಆಮೇಲೆ ಸ್ಫೋರ್ಜಾ ಮನೆತನ, ಕಟ್ಟಿಸಿದ್ದು. ಊರಿನ ನಡುವಿನ ಬಂಡೆಯ ಮೇಲೆ ಕಾಸ್ಟೆಲ್‌ಗ್ರಾಂಡೆ. ಎದುರು ಗುಡ್ಡದಲ್ಲಿ ಸ್ವಲ್ಪ ಮೇಲೆ ಮೊಂಟೆಬೆಲ್ಲೊ. ಇನ್ನೂ ಮೇಲೆ, ಊರಿನಿಂದ ಸುಮಾರು 230 ಮೀಟರ್ ಎತ್ತರದಲ್ಲಿ, ಸಾಸ್ಸೋ ಕೊರ್ಬಾರೋ. ಇವು ಸಾಲದು ಅಂತ ಕಾಸ್ಟೆಲ್‌ಗ್ರಾಂಡೆಯಿಂದ ಹೊಳೆಯವರೆಗೆ ಕಣಿವೆಗೆ ಅಡ್ಡವಾಗಿ ಒಂದು ಉದ್ದ ಗೋಡೆ. ಮುರಾಟಾ ಅಂತ ಅದರ ಹೆಸರು. ಗದ್ದೆಗೆ ದನ ನುಗ್ಗದ ಹಾಗೆ ಬೇಲಿ ಹಾಕಿ ದಣಪೆ ಇಡುತ್ತೇವಲ್ಲ, ಇಡೀ ಕಣಿವೆಗೆ ಹಾಗೆ ಮಾಡಿದ್ದಾರೆ.

ಮೂರನೇ ಕೋಟೆಯ ಕಥೆ ಚೆನ್ನಾಗಿದೆ. 1478ರ ಡಿಸೆಂಬರಿನಲ್ಲಿ ಕಣಿವೆಯ ಮೇಲ್ಭಾಗದ ಜೋರ್ನಿಕೋ ಎಂಬಲ್ಲಿ ಕೆಲವೇ ನೂರು ಸ್ವಿಸ್ ಜನ, ಸುತ್ತಲಿನ ಹಳ್ಳಿಯವರೂ ಸೇರಿ, ಮಿಲಾನಿನ ದೊಡ್ಡ ಸೈನ್ಯವನ್ನು ಹೊಡೆದು ಓಡಿಸಿದರು. ಗುಡ್ಡದ ಮೇಲಿಂದ ಬಂಡೆ ಉರುಳಿಸಿದ್ದಕ್ಕೆ ಅದಕ್ಕೆ ದೊಡ್ಡ ಕಲ್ಲುಗಳ ಕಾಳಗ ಅಂತಲೇ ಹೆಸರು. ಮಿಲಾನಿನವರಿಗೆ ನಡುಕ ಹುಟ್ಟಿತು. 1479ರಲ್ಲಿ ಬರೀ ಆರು ತಿಂಗಳಲ್ಲಿ ಸಾಸ್ಸೋ ಕೊರ್ಬಾರೋ ಎಬ್ಬಿಸಿಬಿಟ್ಟರು. ನಮ್ಮಲ್ಲಿ ದೀಪಾವಳಿಗೆ ಬುನಾದಿ ಹಾಕಿ ಮಳೆ ಹಿಡಿಯುವುದರೊಳಗೆ ಮಾಡು ಹೊದಿಸಿದ ಲೆಕ್ಕ. ಇಷ್ಟೆಲ್ಲ ಮಾಡಿ ಏನಾಯಿತು? 1500ರಲ್ಲಿ ಫ್ರೆಂಚರು ಮಿಲಾನನ್ನು ತಗೊಂಡ ಗಲಾಟೆಯಲ್ಲಿ ಊರಿನವರು ತಾವಾಗಿಯೇ ಹೋಗಿ ಸ್ವಿಸ್ಸರ ಕಡೆ ಸೇರಿಕೊಂಡರು. ಯಾರನ್ನು ತಡೆಯಲು ಅಷ್ಟು ಕಲ್ಲು ಹೊತ್ತರೋ ಅವರನ್ನೇ ಬಾಗಿಲು ತೆಗೆದು ಒಳಗೆ ಕರೆದರು. ನಮ್ಮ ಮನೆಯವಳು ಇದನ್ನು ಕೇಳಿ, ಕಲ್ಲು ಹೊತ್ತ ಕೂಲಿಯವರಿಗಾದರೂ ಸಂಬಳ ಸಿಕ್ಕಿತ್ತೋ ಇಲ್ಲವೋ ಅಂದಳು.

ಇನ್ನೊಂದು ಸಂಗತಿಯನ್ನು ನಮ್ಮ ಜಿಲ್ಲೆಯವರು ತಿಳಿದುಕೊಳ್ಳಲೇಬೇಕು. 1513ರಲ್ಲಿ ಬೆಲ್ಲಿಂಜೋನಾದಿಂದ ಮೇಲೆ ಬಿಯಾಸ್ಕಾ ಊರಿನ ಹತ್ತಿರ ಗುಡ್ಡ ಕುಸಿದು ಬ್ರೆನ್ನೋ ಎಂಬ ಹೊಳೆಗೆ ಅಡ್ಡ ಬಿತ್ತು. ನೀರು ನಿಂತು ಕೆರೆಯಾಯಿತು. ಎರಡು ವರ್ಷ ಹಾಗೇ ನಿಂತಿತ್ತು. 1515ರಲ್ಲಿ ಒಡೆಯಿತು. ಆ ನೀರು ಕಣಿವೆಯುದ್ದಕ್ಕೂ ನುಗ್ಗಿ ಬೆಲ್ಲಿಂಜೋನಾದ ಹೊಳೆಯ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು, ಮುರಾಟಾ ಗೋಡೆಯ ಒಂದು ಭಾಗವನ್ನೂ ಕೆಡವಿತು. ಯಾವ ಸೈನ್ಯಕ್ಕೂ ಬಗ್ಗದ ಗೋಡೆ ಗುಡ್ಡದ ಮಣ್ಣು ನೀರಿಗೆ ಬಗ್ಗಿತು. ಆ ಸೇತುವೆಯನ್ನು ಮತ್ತೆ ಕಟ್ಟಿದ್ದು 19ನೇ ಶತಮಾನದಲ್ಲಿ.

ಇದನ್ನು ಅಲ್ಲಿ ಓದುವಾಗ ನನಗೆ ನೆನಪಾಗಿದ್ದು ಅಂಕೋಲೆ ಹತ್ತಿರದ ಶಿರೂರು. 2024ರ ಜುಲೈ 16. ಗುಡ್ಡ ಹೆದ್ದಾರಿಯ ಮೇಲೆ ಬಿದ್ದು, ಅಲ್ಲಿಂದ ಗಂಗಾವಳಿಗೆ ಇಳಿದು, ಹೊಳೆಯ ನೀರು ಎದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ಬಡಿಯಿತು. ಅದಾಗಿ ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟ್ 7ರ ಮಧ್ಯರಾತ್ರಿ ದಾಟಿದ ಮೇಲೆ ನಮ್ಮ ಕಾಳಿಯ ಹಳೇ ಸೇತುವೆ ಕುಸಿಯಿತು, ಒಂದು ಲಾರಿ ಹೊಳೆಗೆ ಬಿತ್ತು. ಆ ರಾತ್ರಿ ನಮ್ಮ ಕೇರಿಯಲ್ಲಿ ಯಾರೂ ಮಲಗಲಿಲ್ಲ. ಅಲ್ಲಿನವರು 500 ವರ್ಷ ಹಿಂದಿನ ಗುಡ್ಡ ಕುಸಿತವನ್ನು ಹೆಸರಿಟ್ಟು ನೆನಪಿಟ್ಟುಕೊಂಡಿದ್ದಾರೆ, ಬಿಯಾಸ್ಕಾದ ಬುಜ್ಜಾ ಅಂತ. ಉಳಿದ ಗೋಡೆಯ ತುಂಡಿನ ಜೊತೆಗೇ ಆ ಕಥೆಯೂ ಬರುತ್ತದೆ. ನಾವು?

ಈಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ರೈಲಿಳಿದು ಹತ್ತು ನಿಮಿಷ ನಡೆದರೆ ಒಂದು ದೊಡ್ಡ ಚೌಕ. ಎದುರಿಗೆ ಕಪ್ಪಗಿನ ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ಕೋಟೆ. ನನಗೆ ಮೊಣಕಾಲು ನೋವು, ಇದನ್ನು ಹತ್ತುವುದು ನನ್ನಿಂದ ಆಗದು ಅಂದೆ. ಮಗಳು, “ಅಪ್ಪಾ, ಸುಮ್ನೆ ಬಾ” ಅಂತ ಬಂಡೆಯ ಬುಡಕ್ಕೇ ಕರೆದುಕೊಂಡು ಹೋದಳು. ಅಲ್ಲಿ ಬಂಡೆಯನ್ನು ಸೀಳಿದ ಹಾಗೆ ಒಂದು ಎತ್ತರದ ಕಿರಿದಾದ ದಾರಿ. ಎರಡೂ ಕಡೆ ಬೋಳು ಕಾಂಕ್ರೀಟು, ಬಣ್ಣ ಇಲ್ಲ, ಚಿತ್ತಾರ ಇಲ್ಲ. ಒಳಗೆ ಹೋದ ಹಾಗೆ ತಂಪು, ಗವಿಗೆ ಹೊಕ್ಕ ಹಾಗೆ ಮಾತು ತಾನಾಗಿ ಸಣ್ಣದಾಗುತ್ತದೆ. ಕೊನೆಗೆ ಒಂದು ಲಿಫ್ಟು. ಬಾಗಿಲು ಮುಚ್ಚಿತು, ತೆರೆಯಿತು. ಹೊರಗೆ ಬಂದರೆ ಬಿಸಿಲು, ಹಸಿರು ಹುಲ್ಲು, ಎರಡು ಗೋಪುರ, ಸುತ್ತ ಬೆಟ್ಟ. ಚೀಲ ಹಿಡಿದ ಒಬ್ಬ ಅಜ್ಜಿ ನಮ್ಮ ಜೊತೆಯೇ ಲಿಫ್ಟಿನಲ್ಲಿ ಬಂದಿದ್ದರು. ಪ್ರವಾಸಿ ಅಲ್ಲ, ಊರಿನವರೇ. ಬೆಂಚಿನ ಮೇಲೆ ಕೂತು ಚೀಲದಿಂದ ಬ್ರೆಡ್ಡು ತೆಗೆದು ತಿಂದರು, ಪೇಪರ್ ಓದಿದರು, ಎದ್ದು ಹೋದರು. ನಾವು ಹೋದಾಗ ಅಂಗಳಕ್ಕೆ ಟಿಕೆಟ್ ಇರಲಿಲ್ಲ. ಮ್ಯೂಸಿಯಂ ನೋಡುವವರು ಮಾತ್ರ ದುಡ್ಡು ಕೊಡಬೇಕು.

ನನಗೆ ಮರೆಯಲಾಗದ್ದು ಆ ಅಜ್ಜಿ. ಯುನೆಸ್ಕೋ 2000ದಲ್ಲಿ ಮೂರೂ ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ಆದರೆ ಅವರಿಗೆ ಅದು ನಾಷ್ಟಾ ತಿನ್ನುವ ಜಾಗ.

ನಾವು ಹೋಗಿದ್ದು ಶನಿವಾರ. ಕೆಳಗೆ ಹಳೇ ಊರಿನ ಗಲ್ಲಿಗಳಲ್ಲಿ ಸಂತೆ. ಚೀಸು, ಬ್ರೆಡ್ಡು, ಸಾಸೇಜು, ಜೇನು, ಹೂವಿನ ಕುಂಡ. ಒಂದು ಕಡೆ ತಾಮ್ರದ ಹಂಡೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಗಂಜಿಯಂಥದ್ದನ್ನು ಗಟ್ಟಿ ಆಗುವ ತನಕ ಮರದ ಕೋಲಿನಲ್ಲಿ ತಿರುವುತ್ತಿದ್ದರು, ಪೊಲೆಂಟಾ ಅಂತೆ. ನಮ್ಮ ಮನೆಯವಳು ಅದರ ಮುಂದೆ ನಿಂತವಳು ಅಲ್ಲಾಡಲಿಲ್ಲ. ಕಾರವಾರದ ಭಾನುವಾರದ ಸಂತೆಯ ಎತ್ತರದ ಸದ್ದು ಅಲ್ಲಿಲ್ಲ, ಚೌಕಾಸಿಯೂ ಕಡಿಮೆ. ಆದರೆ ಸಂತೆ ಸಂತೆಯೇ. ಪರಿಚಯದವರು ಸಿಕ್ಕಿ ದಾರಿಗೆ ಅಡ್ಡ ನಿಂತು ಮಾತಾಡುವುದು, ಹಿಂದಿನವರು ಗೊಣಗುವುದು ಎಲ್ಲ ಇತ್ತು. ತಲೆ ಎತ್ತಿದರೆ ಕೋಟೆ. ಬಂಡೆಯ ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ಫೆಬ್ರವರಿ ಹೊತ್ತಿಗೆ ಅಲ್ಲಿ ರಬದಾನ್ ಅಂತ ಹಬ್ಬ ಆಗುತ್ತದೆ, 1862ರಿಂದ ನಡೆದು ಬಂದಿದ್ದು. ವೇಷ ಹಾಕಿ ಕುಣಿಯುತ್ತಾರೆ, ಒಬ್ಬನನ್ನು ಹಬ್ಬದ ರಾಜ ಮಾಡಿ ಊರಿನ ಕೀಲಿಕೈ ಕೊಡುತ್ತಾರೆ, ಚೌಕದಲ್ಲಿ ಎಲ್ಲರಿಗೂ ರಿಸೊಟ್ಟೊ ಎಂಬ ಅವರ ಅನ್ನ ಬಡಿಸುತ್ತಾರೆ. ನಮ್ಮ ಹಾಲಕ್ಕಿಗಳ ಸುಗ್ಗಿ ಕುಣಿತಕ್ಕೂ ಅದಕ್ಕೂ ಬಹಳ ದೂರ ಏನಿಲ್ಲ ಅನ್ನಿಸಿತು.

ಅವರದು ಶ್ರೀಮಂತ ದೇಶ ಮಾರಾಯ್ರೆ, ನಮಗೆಲ್ಲಿ ಅಂತ ನೀವು ಅನ್ನುತ್ತೀರಿ. ನಾನೂ ಅಂದಿದ್ದೆ. ಆದರೆ ಆ ಕೋಟೆಗಳು ಯಾವಾಗಲೂ ಹೀಗೆ ಇದ್ದವಲ್ಲ. ಕಾಸ್ಟೆಲ್‌ಗ್ರಾಂಡೆ ಒಂದು ಕಾಲಕ್ಕೆ ಮದ್ದುಗುಂಡಿನ ಉಗ್ರಾಣ. ಮೊಂಟೆಬೆಲ್ಲೊ ಒಂದು ಖಾಸಗಿ ಮನೆತನದ ಕೈಯಲ್ಲಿ ಪಾಳು ಬಿದ್ದಿತ್ತು, 20ನೇ ಶತಮಾನದ ಆರಂಭದಲ್ಲಿ ಅದನ್ನು ಸರಿ ಮಾಡಿಸಿದರು. ಬಂಡೆ ಸೀಳಿ ಲಿಫ್ಟು ಹಾಕಿದ್ದು ಔರೇಲಿಯೋ ಗಾಲ್ಫೆಟ್ಟಿ ಎಂಬ ಆ ನಾಡಿನದೇ ವಾಸ್ತುಶಿಲ್ಪಿ, 1980ರ ದಶಕದಲ್ಲಿ ಶುರು ಮಾಡಿದ ಕೆಲಸ. ಬಂಡೆಯ ಮೇಲೆ ಬೆಳೆದಿದ್ದ ಗಿಡಗಂಟಿ ತೆಗೆಸಿ ಕಲ್ಲು ಕಾಣುವ ಹಾಗೆ ಮಾಡಿದರು. ಹೊಸದಾಗಿ ಕಟ್ಟಿದ್ದನ್ನು ಹಳೆಯದರ ಹಾಗೆ ಕಾಣಿಸಲು ಹೋಗಲಿಲ್ಲ. ಕಾಂಕ್ರೀಟು ಕಾಂಕ್ರೀಟಿನ ಹಾಗೇ ಇದೆ. ನಮ್ಮಲ್ಲಾಗಿದ್ದರೆ ಅದಕ್ಕೆ ಸಿಮೆಂಟಿನ ಎರಡು ಆನೆ ಗ್ಯಾರಂಟಿ.

ಸದಾಶಿವಗಡಕ್ಕೆ ಬರೋಣ. ಸೋದೆಯ, ಅಂದರೆ ಸೋಂದೆಯ, ಅರಸರು ಕಾಳಿ ಹೊಳೆಯ ಬಾಯಿ ಕಾಯಲು ಕಟ್ಟಿಸಿದ ಕೋಟೆ ಇದು, ದೊರೆ ಸದಾಶಿವರಾಯನ ಹೆಸರಲ್ಲಿ. ಶಿರಸಿ ಹತ್ತಿರದ ಸೋಂದೆಯಲ್ಲಿ ಕೂತ ಅರಸರಿಗೆ ಸಮುದ್ರದ ಬಾಗಿಲು ಇಲ್ಲಿತ್ತು. ಘಟ್ಟದ ಮೇಲಿನ ಕಾಳುಮೆಣಸು ಕೆಳಗಿಳಿದು ಹಡಗು ಹತ್ತಬೇಕಲ್ಲ. ಬೆಲ್ಲಿಂಜೋನಾದ ಲೆಕ್ಕವೇ ಇದು, ಅಲ್ಲಿ ಘಟ್ಟದ ಬಾಯಿ, ಇಲ್ಲಿ ಹೊಳೆಯ ಬಾಯಿ. ಆಮೇಲೆ ಹೈದರಾಲಿ ಸೋಂದೆಯನ್ನು ಗೆದ್ದ, ಅರಸರು ಗೋವೆಗೆ ಹೋಗಿ ಪೋರ್ಚುಗೀಸರ ಆಸರೆಯಲ್ಲಿ ಇದ್ದರು. ಹೆದ್ದಾರಿ ಬಂದಾಗ ಗುಡ್ಡವನ್ನೇ ಕಡಿದು ದಾರಿ ಮಾಡಿದರು. ದಿನಾ ಗೋವೆಗೆ ಹೋಗುವ ಬಸ್ಸು, ಕಾರು, ಟ್ಯಾಂಕರು ಎಲ್ಲ ಆ ಕೋಟೆಯ ಗುಡ್ಡದ ಹೊಟ್ಟೆಯಲ್ಲೇ ಹೋಗುತ್ತವೆ. ಒಳಗೆ ಕೂತವರಲ್ಲಿ ಎಷ್ಟು ಜನರಿಗೆ ಗೊತ್ತು ಇದು ಕೋಟೆ ಅಂತ? ಗುಡ್ಡದಲ್ಲಿ ದುರ್ಗಾದೇವಿ ಗುಡಿ ಇದೆ, ಕೆಳಗೆ ಪೀರರ ದರ್ಗಾ ಇದೆ, ಅಲ್ಲಿಗೆ ಜನ ಹೋಗುತ್ತಾರೆ. ಹಾಗಾಗಿಯೇ ಅವು ಚೊಕ್ಕ ಇವೆ. ಕೋಟೆಗೆ ಅಂತ ಹೋಗುವವರು ಕಡಿಮೆ.

ಮಿರ್ಜಾನ್ ಕೋಟೆಯ ಹಣೆಬರಹ ಇದಕ್ಕಿಂತ ಚೆನ್ನಾಗಿದೆ, ಒಪ್ಪುತ್ತೇನೆ. ಅಘನಾಶಿನಿಯ ಪಕ್ಕದಲ್ಲಿ ಚಿರೆಕಲ್ಲಿನ ಗೋಡೆ, ಕಂದಕ, ಬಾವಿ, ಮಳೆಗಾಲದಲ್ಲಿ ಪೂರ್ತಿ ಪಾಚಿ ಹಸಿರು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. 54 ವರ್ಷ ಆಳಿದ ರಾಣಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಹೆಣ್ಣು. ಬೆಂಗಳೂರಿನ ಹುಡುಗರು ಬಂದು ವಿಡಿಯೋ ಮಾಡುತ್ತಾರೆ, ಮದುವೆಗೆ ಮುಂಚಿನ ಫೋಟೋ ತೆಗೆಸುತ್ತಾರೆ. ತೆಗೆಸಲಿ. ಆದರೆ ಸುತ್ತಲಿನ ಊರಿನವರು ಹೋಗುವುದು ನೆಂಟರು ಬಂದಾಗ ತೋರಿಸಲು ಮಾತ್ರ. ಕೋಟೆ ಅಂದರೆ ನೆಂಟರಿಗೆ ಇಟ್ಟ ಸ್ಟೀಲಿನ ಲೋಟ ಅನ್ನುವ ಹಾಗೆ.

ಹೋದ ಡಿಸೆಂಬರಿನಲ್ಲಿ ಮೊಮ್ಮಗಳು ಬಂದಾಗ ನಮ್ಮ ಕರಾವಳಿಯ ಒಂದು ಕೋಟೆಗೆ ಹೋಗಿದ್ದೆವು. ಯಾವುದು ಅಂತ ಹೇಳುವುದಿಲ್ಲ, ಅಲ್ಲಿ ಕೆಲಸ ಮಾಡುವ ಪಾಪದವರಿಗೆ ಬೈಗುಳ ಬೀಳುವುದು ಬೇಡ. ಗೇಟಿಗೆ ಬೀಗ. ಊಟಕ್ಕೆ ಹೋಗಿದ್ದಾರೆ ಅಂತ ಪಕ್ಕದ ಅಂಗಡಿಯವರು ಹೇಳಿದರು. ಮುಕ್ಕಾಲು ಗಂಟೆ ಕಾದೆವು. ಒಳಗೆ ಮೆಟ್ಟಿಲ ಮೇಲೆ ನಮ್ಮ ಮನೆಯವಳು ಜಾರಿ ಬಿದ್ದಳು, ಕೈ ಊರಿದ್ದಕ್ಕೆ ಬಚಾವು. ಕುಡಿಯುವ ನೀರು ಇಲ್ಲ, ಕೂರಲು ನೆರಳು ಇಲ್ಲ. ಮೊಮ್ಮಗಳು ಒಂದು ಬೋರ್ಡಿನ ಮುಂದೆ ನಿಂತು ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ತುಕ್ಕು ಹಿಡಿದ ತಗಡು. ಕೋಟೆಗೆ ಹಾನಿ ಮಾಡಿದರೆ ಜೈಲು, ದಂಡ ಅಂತ ಇತ್ತು. “ಅಜ್ಜಾ, ಇಲ್ಲಿ ಯಾರಿದ್ದರು ಅಂತ ಬರೆದೇ ಇಲ್ವಲ್ಲ” ಅಂದಳು. ಅವಳ ಮನೆ ಇರುವ ದೇಶದಲ್ಲಿ ಬೋರ್ಡು ಮೊದಲು ಹೇಳುವುದು ಯಾರಿದ್ದರು ಅಂತ, ಆಮೇಲೆ ಏನು ಮಾಡಬಾರದು ಅಂತ. ನನಗೆ ಗೊತ್ತಿದ್ದಷ್ಟು ಹೇಳಿದೆ. ಬ್ಯಾಂಕಿನವನಿಗೆ ಎಷ್ಟು ಗೊತ್ತಿರುತ್ತದೆ.

ಕೋಟೆ ಉಳಿಸಿ ಅಂತ ಕೇಳುವಾಗೆಲ್ಲ ನಾವು ಪ್ರವಾಸಿಗರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಎಷ್ಟು ಜನ ಬರುತ್ತಾರೆ, ಎಷ್ಟು ದುಡ್ಡು ಆಗುತ್ತದೆ, ಬಣ್ಣದ ಲೈಟು ಹಾಕಿದರೆ ಜಾಸ್ತಿ ಬರುತ್ತಾರಾ, ರೋಪ್‌ವೇ ಹಾಕಿದರೆ? ಊರಿನವರು ದಿನಾ ಹೋಗುವ ಹಾಗೆ ಮಾಡಿ ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಕಿರುವುದು ಅದು. ಸದಾಶಿವಗಡಕ್ಕೆ ಲಿಫ್ಟು ಬೇಡ. ಸೇತುವೆ ಇಳಿದ ಕೂಡಲೇ ಹೆದ್ದಾರಿಯ ವಾಹನಗಳ ನಡುವೆ ಜೀವ ಕೈಯಲ್ಲಿ ಹಿಡಿಯದೆ ಗುಡ್ಡದ ಬುಡ ಸೇರುವ ಒಂದು ಕಾಲುದಾರಿ ಸಾಕು. ಮುದುಕರು ಹತ್ತುವಂಥ ಚಿರೆಕಲ್ಲಿನ ಮೆಟ್ಟಿಲು, ಅಲ್ಲಲ್ಲಿ ಕಟ್ಟೆ, ಒಂದು ನಲ್ಲಿ, ಸಂಜೆ ಏಳರವರೆಗೆ ಬೆಳಕು. ಕನ್ನಡದಲ್ಲಿ ಮತ್ತು ಕೊಂಕಣಿಯಲ್ಲಿ ಒಂದು ಬೋರ್ಡು, ಸೋದೆ ಅರಸರಿಂದ ಹಿಡಿದು ಗುಡ್ಡ ಕಡಿದ ಹೆದ್ದಾರಿಯವರೆಗೆ, ಆ ಆಗಸ್ಟ್ ರಾತ್ರಿ ಬಿದ್ದ ಸೇತುವೆಯವರೆಗೆ. ಅದೂ ಈ ಜಾಗದ ಕಥೆಯೇ. ಮೇಲಿಂದ ನೋಡಿದರೆ ಕಾಳಿ ಸಮುದ್ರ ಸೇರುವುದು ಕಾಣುತ್ತದೆ. ಸಂಜೆ ಟಾಗೋರ್ ಬೀಚಿನಲ್ಲಿ ವಾಕಿಂಗ್ ಮಾಡುವವರಲ್ಲಿ ನಾಲ್ಕು ಜನ ಇಲ್ಲಿ ಹತ್ತಿ ಇಳಿದರೆ ಸಾಕು, ಆಮೇಲೆ ಯಾವ ಗಿಡಗಂಟಿಯೂ ಬೆಳೆಯುವುದಿಲ್ಲ, ಬಾಟಲಿ ಒಡೆಯುವವರೂ ಬೇರೆ ಜಾಗ ನೋಡಿಕೊಳ್ಳುತ್ತಾರೆ.

ಶಾಲೆಯವರಿಗೂ ಒಂದು ಮಾತು. ಮಕ್ಕಳನ್ನು ಪ್ರವಾಸಕ್ಕೆ ಮೈಸೂರಿಗೆ ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ಒಂದು ಶನಿವಾರ ಬುತ್ತಿ ಕಟ್ಟಿಸಿ ಇಲ್ಲಿಗೆ ಕರೆದುಕೊಂಡು ಬನ್ನಿ.

ಇನ್ನು ಸಂಬಂಧ ಇಲ್ಲದ ಒಂದು ವಿಷಯ, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೆಲ್ಲಿಂಜೋನಾ ಈಗ ಟಿಚಿನೋ ಎಂಬ ಕ್ಯಾಂಟನ್ನಿನ, ಅಂದರೆ ನಮ್ಮಲ್ಲಿ ರಾಜ್ಯ ಇದ್ದ ಹಾಗೆ ಅಲ್ಲಿನ ಒಂದು ಪ್ರಾಂತ್ಯದ, ರಾಜಧಾನಿ. ಆದರೆ ಹಿಂದೆ ಬೆಲ್ಲಿಂಜೋನಾ, ಲುಗಾನೋ, ಲೊಕಾರ್ನೋ ಮೂರೂ ಊರಿನವರು ತಮಗೇ ಬೇಕು ಅಂತ ಹಟ ಹಿಡಿದಿದ್ದಕ್ಕೆ ಆರಾರು ವರ್ಷಕ್ಕೆ ಒಂದೊಂದು ಊರು ರಾಜಧಾನಿ ಆಗುತ್ತಿತ್ತು. ಕಚೇರಿ, ಕಡತ ಎಲ್ಲ ಗಂಟು ಕಟ್ಟಿ ಹೊರಡುವುದು. 1878ರಲ್ಲಿ ಸುಸ್ತಾಗಿ ಬೆಲ್ಲಿಂಜೋನಾವೇ ಇರಲಿ ಅಂದರು. ಶಿರಸಿ ಜಿಲ್ಲೆ ಆಗಬೇಕು ಅನ್ನುವ ಗೆಳೆಯರೂ ಕಾರವಾರ ಬಿಡುವುದಿಲ್ಲ ಅನ್ನುವ ನಾವೂ ಇದನ್ನು ಓದಿ ಸ್ವಲ್ಪ ನಗಬಹುದು. ಜಗಳ ನಿಲ್ಲಿಸಬೇಕಾಗಿಲ್ಲ.

ಊರಿಗೆ ಬಂದ ಮರುವಾರ ಸದಾಶಿವಗಡ ಹತ್ತಿದೆ, ಒಬ್ಬನೇ. ಎರಡು ಸಲ ಕೂತು ಸುಧಾರಿಸಿಕೊಂಡೆ. ಮೇಲಿಂದ ನಮ್ಮ ಮನೆಯ ಹೆಂಚು ಹುಡುಕಿದೆ, ಸಿಗಲಿಲ್ಲ, ಮಧ್ಯೆ ಯಾರದೋ ಮೂರು ಅಂತಸ್ತಿನ ಕಟ್ಟಡ ಎದ್ದಿದೆ. ಬರುವ ಭಾನುವಾರ ಸಂತೆಗೆ ಹೋಗುವ ಮೊದಲು, ಬೆಳಿಗ್ಗೆ ಆರೂವರೆಗೆ, ಮತ್ತೆ ಹತ್ತುವವನಿದ್ದೇನೆ. ನಮ್ಮ ಕೇರಿಯ ಇಬ್ಬರು ಬರುತ್ತೇನೆ ಅಂದಿದ್ದಾರೆ. ಕೋಡಿಬಾಗದಿಂದ ಸೇತುವೆ ದಾಟಿ ನಡೆದೇ ಹೋಗುತ್ತೇವೆ. ಬರುವವರು ಬನ್ನಿ, ನೀರಿನ ಬಾಟಲಿ ಮರೆಯಬೇಡಿ.

ಇಂತಿ,
ಕೋಡಿಬಾಗದ ಒಬ್ಬ ಓದುಗ, ಕಾರವಾರ